ಹೊತ್ತು ಮುಳುಗುವ ಮೊದಲು ಬಿಸಿ ಊಟ

ಅಂಗಡಿ ನಡೆಸುವ ಮನೆಗಳಲ್ಲಿ ಸಂಜೆಯ ಊಟದ್ದೇ ದೊಡ್ಡ ಪೇಚು. ಗಿರಾಕಿ ಬರುವ ಹೊತ್ತೂ ಸಂಜೆ, ನಮ್ಮ ಊಟದ ಹೊತ್ತೂ ಸಂಜೆ. ಸೊಲ್ಲಾಪುರದಲ್ಲಿ ಚಳಿಗಾಲ ಬಂತೆಂದರೆ ಆರು ಹೊಡೆಯುವ ಸುಮಾರಿಗೆ ಹೊತ್ತು ಮುಳುಗುತ್ತದೆ. ಹಿಂದೆ ಐದಕ್ಕೆ ಮೊದಲೇ ಮನೆಯಿಂದ ಡಬ್ಬಿ ಬರುತ್ತಿತ್ತು. ಈಗ ನಮ್ಮ ಬಟ್ಟೆ ಅಂಗಡಿಯ ಲೆಕ್ಕಪತ್ರ, ಜಿಎಸ್‌ಟಿ ಎಲ್ಲವನ್ನೂ ಸೊಸೆಯೇ ನೋಡುತ್ತಾಳೆ. ನಮ್ಮ ಮನೆಯವರಿಗೆ ಮೊಣಕಾಲು ನೋವು. ಒಲೆಯ ಮುಂದೆ ಬಹಳ ಹೊತ್ತು ನಿಲ್ಲಲಾಗದು.

2022ರ ದೀಪಾವಳಿಯ ಸೀಜನ್ನಿನಲ್ಲಿ ಒಂದು ದಿನ ನಾವು ಅಂಗಡಿ ಮುಚ್ಚಿ ಬರುವಾಗ, ಹನ್ನೆರಡು ವರ್ಷದ ಮೊಮ್ಮಗ ಗಾಡಿಯ ಮುಂದೆ ನಿಂತು ವಡಾಪಾವ್ ತಿನ್ನುತ್ತಿದ್ದ. ರಾತ್ರಿ ಎಂಟು ದಾಟಿತ್ತು. ನಮ್ಮನ್ನು ಕಂಡು ಕೈ ಹಿಂದೆ ಮಾಡಿದ. “ಅಜ್ಜಾ, ಹಸಿವಾಗಿತ್ತು. ಮನ್ಯಾಗ ಏನೂ ಮಾಡಿರಲಿಲ್ಲ” ಎಂದ. ಬಯ್ಯಲು ಬಾಯಿ ಬರಲಿಲ್ಲ. ರಾತ್ರಿ ಭೋಜನ ತ್ಯಾಗವನ್ನು ಹುಡುಗನಿಗೆ ಹೇಳಿಕೊಟ್ಟವರು ನಾವೇ. ಹಗಲಿನಲ್ಲಿ ಊಟ ಒದಗಿಸದವರೂ ನಾವೇ.

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನಮ್ಮ ಮಗಳಿಗೆ ಫೋನಿನಲ್ಲಿ ಇದನ್ನು ಹೇಳಿದೆವು. ಅಲ್ಲಿ ಡಿಸೆಂಬರದಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತದಂತೆ. ಅಲ್ಲಿಯ ಹೆಣ್ಣುಮಕ್ಕಳು ಭಾನುವಾರವೇ ವಾರದ ಅಡಿಗೆಯನ್ನು ಚೀಲಗಳಲ್ಲಿ ತುಂಬಿ ಫ್ರೀಜರಿನಲ್ಲಿಡುತ್ತಾರೆ; ದಿನಕ್ಕೊಂದು ಚೀಲ ತೆಗೆದು ಸ್ಲೋ ಕುಕ್ಕರಿಗೆ ಹಾಕಿ ಕೆಲಸಕ್ಕೆ ಹೋಗುತ್ತಾರೆ ಎಂದಳು. ಬರುವವರ ಕೈಯಲ್ಲಿ ಒಂದು ಕುಕ್ಕರನ್ನೂ ಕಳಿಸಿದಳು. ನಾವು ಹುರುಪಿನಿಂದ ಪ್ಲಗ್ಗಿಗೆ ಹಾಕಿದೆವು. ಹೊಗೆ ಬಂತು, ವಾಸನೆ ಬಂತು, ಅಲ್ಲಿಗೆ ಮುಗಿಯಿತು. ಅಮೆರಿಕದ ಮನೆಗಳ ವಿದ್ಯುತ್ತು 120 ವೋಲ್ಟು, ನಮ್ಮದು 230. ಅಲ್ಲಿಂದ ಸಾಮಾನು ತರಿಸುವವರು ಮೊದಲು ಹಿಂಬದಿಯ ಚೀಟಿ ಓದಬೇಕು. ಆಮೇಲೆ ನಮ್ಮ ವೋಲ್ಟೇಜಿನದನ್ನೇ ಇಲ್ಲಿ ಕೊಂಡೆವು.

ಆದರೆ ಫ್ರೀಜರಿನ ಮಾತಿಗೆ ನಮ್ಮ ಮನೆಯವರು ಒಪ್ಪಲಿಲ್ಲ. “ತಣ್ಣಗಿಟ್ಟ ಮಾತ್ರಕ್ಕ ತಂಗಳ ತಂಗಳಲ್ಲೇನು?” ಎಂದರು. ಸೊಸೆ, “ಅತ್ತಿ, ಹಂಗಾದರ ರಾತ್ರಿ ಊಟ ನಡಿತದೇನು?” ಎಂದಳು. ಇಬ್ಬರ ಮಾತಿನಲ್ಲೂ ಹುರುಳಿತ್ತು.

ಆಗ ನಮಗೆ ಹೊಳೆದದ್ದು ನಮ್ಮ ಹಿರಿಯರು ಹಾಕಿಕೊಟ್ಟ ಆಹಾರದ ಮರ್ಯಾದೆ, ಅಂದರೆ ಯಾವ ಪದಾರ್ಥ ಎಷ್ಟು ಕಾಲ ನಡೆಯುತ್ತದೆ ಎಂಬ ಮಿತಿ. ಹಿಟ್ಟು ಮತ್ತು ಕುಟ್ಟಿದ ಮಸಾಲೆಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3. ರೊಟ್ಟಿಗೆ ನಾಲ್ಕು ಪ್ರಹರ, ಅಂದರೆ 12 ತಾಸು. ಬೇಳೆ, ಅನ್ನ, ಖಿಚಡಿಗೆ ಎರಡು ಪ್ರಹರ, 6 ತಾಸು. ಕುದಿಸಿದ ನೀರಿಗೆ 24 ತಾಸು. ಇದನ್ನು ಬರೆದು ನೋಡಿದಾಗ ಉತ್ತರ ಅದರಲ್ಲೇ ಇತ್ತು. ಮುಂಚಿತವಾಗಿ ಮಾಡಿಡಬೇಕಾದದ್ದು ಅಡಿಗೆಯಲ್ಲ, ಅಡಿಗೆಯ ತಯಾರಿ.

ಈಗ ಭಾನುವಾರ ಎಲ್ಲರೂ ಕೂತು ಬೇಳೆ ಆರಿಸುತ್ತೇವೆ. ಒಂದೊಂದು ಪೊಟ್ಟಣಕ್ಕೆ ಒಂದೂವರೆ ವಾಟಿ ತೊಗರಿ ಬೇಳೆ, ಬೇರೆ ಚೀಟಿಯಲ್ಲಿ ಅರಿಶಿನ, ಇಂಗು, ಹೊಸದಾಗಿ ಕುಟ್ಟಿದ ಮಸಾಲೆ ಪುಡಿ. ಈರುಳ್ಳಿ ಬೆಳ್ಳುಳ್ಳಿಯ ಮಾತೇ ಇಲ್ಲ. ಚಳಿಗಾಲದಲ್ಲಿ ಏಳು ಪೊಟ್ಟಣ, ಬೇಸಿಗೆಯಲ್ಲಿ ಐದು, ಮಳೆಗಾಲದಲ್ಲಿ ಮೂರೇ. ಮುಗಿದ ಮೇಲೆ ಮತ್ತೆ ಹೊಸದು. ಇದಕ್ಕೆ ಫ್ರೀಜರು ಬೇಕಿಲ್ಲ.

ಬೆಳಿಗ್ಗೆ ರೊಟ್ಟಿ ಬಡಿಯುವುದು ಆಗುತ್ತದೆ. ಅದು ಸಂಜೆಗೂ ನಡೆಯುತ್ತದೆ. ಸೊಸೆ ಅಂಗಡಿಗೆ ಹೊರಡುವ ಮೊದಲು ಹೀರೇಕಾಯಿಯೋ ಸೋರೇಕಾಯಿಯೋ ಹೆಚ್ಚಿಡುತ್ತಾಳೆ. ಹನ್ನೊಂದಕ್ಕೆ ಮನೆಯವರು ಬೇಳೆ ತೊಳೆದು, ಹೋಳು, ಪುಡಿ ಸೇರಿಸಿ, ಗಾಳಿಸಿ ಕುದಿಸಿದ ಬಿಸಿ ನೀರು ಐದು ವಾಟಿ ಹಾಕಿ ಗುಂಡಿಯನ್ನು ‘ಹೈ’ಗೆ ತಿರುವುತ್ತಾರೆ. ಮುಚ್ಚಳ ಮತ್ತೆ ಮತ್ತೆ ತೆಗೆಯಬಾರದು, ಶಾಖ ಹೋಗುತ್ತದೆ. ಆವಿ ಹೊರಗೆ ಹೋಗದ ಕಾರಣ ನೀರು ಒಲೆಗಿಂತ ಕಡಿಮೆ ಸಾಕು. ಹುಣಸೆ, ಟೊಮೇಟೊ ಕೊನೆಗೆ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಯುವುದು ತಡ. ದ್ವಿದಳದ ದೋಷವಿರುವುದರಿಂದ ಮಜ್ಜಿಗೆಯನ್ನು ಅದಕ್ಕೆ ಬೆರೆಸುವುದಿಲ್ಲ. ನಾಲ್ಕೂವರೆಗೆ ಬೇಳೆ ಬೆಂದು ಬೆಣ್ಣೆಯಂತಾಗಿರುತ್ತದೆ. ನಮ್ಮ ಕುಕ್ಕರು 200 ವ್ಯಾಟಿನದು. ಆರು ತಾಸು ಉರಿದರೂ ಖರ್ಚು 1.2 ಯೂನಿಟ್ಟು.

ಈ ಕುಕ್ಕರಿನ ಕಥೆಯೂ ಕೇಳುವಂತಿದೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ ಇಂಥ ಪಾತ್ರೆಗೆ 1940ರಲ್ಲಿ ಪೇಟೆಂಟು ಸಿಕ್ಕಿತು. 1971ರಲ್ಲಿ ಅದು ‘ಕ್ರಾಕ್ ಪಾಟ್’ ಹೆಸರಿನಿಂದ ಮಾರುಕಟ್ಟೆಗೆ ಬಂತು. ನ್ಯಾಕ್ಸನ್ನರು ಯಹೂದಿ ಮನೆತನದವರು. ಆ ಧರ್ಮದವರು ಶುಕ್ರವಾರ ಹೊತ್ತು ಮುಳುಗಿದ ಮೇಲೆ ಬೆಂಕಿ ಹೊತ್ತಿಸುವುದಿಲ್ಲ. ಅದಕ್ಕೇ ಲಿಥುವೇನಿಯಾದ ಊರಿನಲ್ಲಿ ಹೊತ್ತು ಮುಳುಗುವ ಮೊದಲೇ ಗಡಿಗೆಗಳನ್ನು ರೊಟ್ಟಿ ಭಟ್ಟಿಯ ಉಳಿದ ಕಾವಿನಲ್ಲಿ ಇಟ್ಟು ಬರುತ್ತಿದ್ದರೆಂದು ತಾಯಿ ಹೇಳಿದ್ದು ಅವರಿಗೆ ದಾರಿ ತೋರಿತು. ಅವರ ಆಚಾರ ಬೇರೆ, ನಮ್ಮದು ಬೇರೆ. ಆದರೂ ನೇಮ ಬಿಡಲಾರದವರು ದಾರಿ ಹುಡುಕಿಕೊಂಡದ್ದು ಒಂದೇ. ನಮ್ಮ ಹಳ್ಳಿಗಳಲ್ಲಿಯೂ ಕುಳ್ಳಿನ ಕಾವಿನ ಮೇಲೆ ಹಾಲಿನ ಗಡಿಗೆ ದಿನವಿಡೀ ಕೂತಿರುತ್ತಿತ್ತಲ್ಲವೇ?

ದೂರದ ಊರಿನಲ್ಲಿದ್ದು ಫ್ರೀಜರು ಬಿಡಲಾಗದ ಮಕ್ಕಳಿಗೂ ನಾಲ್ಕು ಮಾತು. ಫ್ರೀಜರು ಸೊನ್ನೆಗಿಂತ ಕೆಳಗೆ 18 ಡಿಗ್ರಿ ಇರಬೇಕು. ಚಳಿಯಲ್ಲಿ ಸೂಕ್ಷ್ಮ ಜೀವಾಣುಗಳ ಬೆಳವಣಿಗೆ ನಿಲ್ಲುತ್ತದೆ, ಅವು ಎಲ್ಲವೂ ಸಾಯುವುದಿಲ್ಲ. ಗಡ್ಡೆ ಕಟ್ಟಿದ್ದನ್ನು ಹಾಗೇ ಸ್ಲೋ ಕುಕ್ಕರಿಗೆ ಹಾಕಬಾರದು. ತಾಸುಗಟ್ಟಲೆ ಉಗುರು ಬೆಚ್ಚಗೆ ಉಳಿದು ಕೆಡುತ್ತದೆ. ಹಿಂದಿನ ದಿನ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ಕರಗಿಸಬೇಕು. ರಾಜಮಾ ಕಾಳನ್ನು ನೆನೆಸಿ, ಆ ನೀರು ಚೆಲ್ಲಿ, ಒಲೆಯ ಮೇಲೆ ಚೆನ್ನಾಗಿ ಕುದಿಸಿದ ಮೇಲೆಯೇ ಇದಕ್ಕೆ ಹಾಕಬೇಕು. ಅದರ ವಿಷಾಂಶ ಮಂದ ಕಾವಿಗೆ ಹೋಗುವುದಿಲ್ಲ. ಕರೆಂಟು ಹೋದರೆ ತುಂಬಿದ ಫ್ರೀಜರು ಬಾಗಿಲು ತೆರೆಯದಿದ್ದಲ್ಲಿ ಸುಮಾರು 48 ತಾಸು ತಣ್ಣಗಿರುತ್ತದೆ, ಅರ್ಧ ತುಂಬಿದ್ದು 24 ತಾಸು. ಅಡಿಗೆಯ ನಡುವೆ ಕರೆಂಟು ಹೋದರೆ ತಕ್ಷಣ ಗ್ಯಾಸಿನ ಮೇಲಿಟ್ಟು ಬೇಯಿಸಿರಿ. ಎಷ್ಟು ಹೊತ್ತು ಹೋಗಿತ್ತೆಂದು ತಿಳಿಯದಿದ್ದರೆ ಉಣ್ಣಬೇಡಿರಿ.

ಮುನಿಗಳ ಆಹಾರಕ್ಕಾಗಲಿ, ವ್ರತಿಕರ ಅಡಿಗೆಗಾಗಲಿ ನಾವು ಈ ಕುಕ್ಕರನ್ನು ಬಳಸುವುದಿಲ್ಲ. ಆ ಕ್ರಮವೇ ಬೇರೆ. ಇದು ಗೃಹಸ್ಥರ ನಿತ್ಯದ ಅನುಕೂಲ ಮಾತ್ರ.

ಇನ್ನೊಂದು ಮಾತು ಹೇಳಲೇಬೇಕು. ಕುಕ್ಕರು ಬೇಯಿಸುತ್ತದೆ, ಬಡಿಸುವುದಿಲ್ಲ. ಈಗ ನಾಲ್ಕೂವರೆಗೆ ನಾವೇ ಗಲ್ಲೆ ಬಿಟ್ಟು ಮನೆಗೆ ಬರುತ್ತೇವೆ. ಜೀರಿಗೆ, ಕರಿಬೇವಿನ ಒಗ್ಗರಣೆ ಹಾಕಿ ಮೊಮ್ಮಗನಿಗೂ ಮನೆಯವರಿಗೂ ಬಡಿಸಿ, ಮಗ ಸೊಸೆಗೆ ಡಬ್ಬಿ ಕಟ್ಟಿಕೊಂಡು ಹೋಗುತ್ತೇವೆ. ಅರವತ್ತು ದಾಟಿದ ಮೇಲೆ ಕಲಿತ ವಿದ್ಯೆ. ಮೊದಲ ವಾರ ಸಾಸಿವೆ ಸುಟ್ಟೆವು. ಆ ಅರ್ಧ ತಾಸಿನಲ್ಲಿ ಒಂದಿಬ್ಬರು ಗಿರಾಕಿ ಹೋಗಿರಬಹುದು. ಆ ನಷ್ಟವನ್ನು ಖಾತೆಯಲ್ಲಿ ಬರೆದಿಲ್ಲ.

ಮೊನ್ನೆ ಮೊಮ್ಮಗ ಶಾಲೆಯಿಂದ ಬಂದವನೇ ಕಿಟಕಿಯಿಂದ ಬಿಸಿಲು ನೋಡಿ, “ಅಜ್ಜಾ, ಲಗೂ ಬಡಸ್ರಿ, ಹೊತ್ತ ಹೊಂಟದ” ಎಂದ.