ಶಿಬಿರ ಮುಗಿದ ಮರುದಿನದಿಂದ ಸಮಾಜಶಾಸ್ತ್ರ

ಸಮಾಜಶಾಸ್ತ್ರ ಓದುವವರಿಗೆ ತರಗತಿಯ ಹೊರಗೆ ಏನೇನು ಅವಕಾಶಗಳಿವೆ ಎಂದು ಕೇಳಿದರೆ ವಿಚಾರ ಸಂಕಿರಣ, ಪ್ರಬಂಧ ಸ್ಪರ್ಧೆ, ಯುವಜನೋತ್ಸವ, ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಎಂಬ ಉತ್ತರ ಬರುತ್ತದೆ. ಇವುಗಳಲ್ಲಿ ಎನ್‌ಎಸ್‌ಎಸ್ಸನ್ನೇ ನಾವು ತೀರಾ ಕಡಿಮೆ ಬಳಸಿಕೊಂಡಿದ್ದೇವೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಕೆಲಸ ಮಾಡಬೇಕು, 7 ದಿನಗಳ ವಿಶೇಷ ಶಿಬಿರದಲ್ಲಿರಬೇಕು. ಶಿಬಿರದಲ್ಲಿ ಚರಂಡಿ ಸ್ವಚ್ಛವಾಗುತ್ತದೆ, ಜಾಥಾ ಹೊರಡುತ್ತದೆ, ಸಂಜೆ ಹಾಡು ನಾಟಕ ನಡೆಯುತ್ತವೆ. ಸಮಾರೋಪ ಮುಗಿಸಿ ಬಸ್ಸು ಹತ್ತಿದವರು ಆ ಊರಿಗೆ ಮತ್ತೆ ಹೋಗುವುದು ಅಪರೂಪ. ಸಮಾಜಶಾಸ್ತ್ರದ ವಿದ್ಯಾರ್ಥಿಗೆ ನಿಜವಾದ ಅವಕಾಶ ಇರುವುದು ಹಾಗೆ ಮತ್ತೆ ಹೋಗುವುದರಲ್ಲೇ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಊರಿನಲ್ಲಿ ತಿಂಗಳುಗಟ್ಟಲೆ ಉಳಿದರು. ಬರಹದಲ್ಲಿ ಅದನ್ನು ರಾಂಪುರ ಎಂದು ಕರೆದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಬೆಂಕಿ ಹಚ್ಚುವ ದುಷ್ಕೃತ್ಯದಲ್ಲಿ ಅವರು ಸಂಸ್ಕರಿಸಿಟ್ಟ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಆದರೂ ಬಹುತೇಕ ನೆನಪಿನ ಬಲದಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಏಳು ದಿನ ಇದ್ದು ಬಂದ ಊರಿನ ಬಗ್ಗೆ ಹಾಗೆ ಬರೆಯಲಾಗದು. ಆ ಪುಸ್ತಕದಿಂದ ಕಲಿಯಬೇಕಾದ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಅವರು ಬಿಡಾರ ಹೂಡಿದ್ದು ಊರಿನ ಯಜಮಾನರು ಎತ್ತು ಕಟ್ಟುತ್ತಿದ್ದ ಮನೆಯಲ್ಲಿ. ತಮ್ಮದು ಮೇಲ್ಜಾತಿಯ ಕಡೆಯಿಂದ ಕಂಡ ಊರು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಎಲ್ಲಿ ಕುಳಿತರೆ ಏನು ಕಾಣುವುದಿಲ್ಲ ಎಂಬುದು ಊರಿಗೆ ಮತ್ತೆ ಮತ್ತೆ ಹೋದವರಿಗಷ್ಟೇ ತಿಳಿಯುತ್ತದೆ.

ಹೋಗಿ ಏನು ಮಾಡಬೇಕು? ಗ್ರಾಮಸಭೆಯಲ್ಲಿ ಕೂರಬೇಕು. ವಾರ್ಡ್ ಸಭೆ, ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆಗಳೂ ಇವೆ. ನಡಾವಳಿ ಪುಸ್ತಕದಲ್ಲಿ ಎಷ್ಟು ಸಹಿ ಬಿದ್ದಿವೆ, ಕುರ್ಚಿ ಸಿಕ್ಕಿದ್ದು ಯಾರಿಗೆ, ಬಾಗಿಲ ಬಳಿ ನಿಂತೇ ಇದ್ದವರು ಯಾರು, ಫಲಾನುಭವಿಗಳ ಪಟ್ಟಿ ಓದುವಾಗ ಯಾರ ತಕರಾರು ದಾಖಲಾಗಲಿಲ್ಲ ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳಬೇಕು. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಸೆಕ್ಷನ್ ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೇ ವಹಿಸಿತು. ಅಂಥ ಪರಿಶೋಧನೆಗೆ ನೆರವಾಗುವ ವಿದ್ಯಾರ್ಥಿ ಒಬ್ಬ ಹೆಂಗಸಿನ ಹೆಸರಿನ ಎನ್‌ಎಂಆರ್ (ಕೂಲಿ ಹಾಜರಿ ಪಟ್ಟಿ), ಜಾಬ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಪಕ್ಕಪಕ್ಕ ಇಟ್ಟು, ಅವಳ ಮನೆ ಜಗಲಿಯ ಮೇಲೆ ಕೂತು, ಎಷ್ಟು ದಿನ ಕೆಲಸ ಮಾಡಿದಿರಿ ಎಂದು ಕೇಳಬೇಕು. ಲೆಕ್ಕ ತಾಳೆಯಾಗದಿದ್ದಾಗ ಅವಳು ಯಾಕೆ ಸುಮ್ಮನಿದ್ದಳು ಎಂಬ ಪ್ರಶ್ನೆ ಏಳುತ್ತದೆ. ಸಾಲ ಕೊಟ್ಟವರ ಹಂಗೋ, ಪಾಸ್‌ಬುಕ್ಕು ಗಂಡನ ಕೈಯಲ್ಲಿರುವುದೋ, ಕೂಲಿಕಾರರ ಗುಂಪಿನ ಮುಂದಾಳಾದ ಕಾಯಕಬಂಧುವಿನ ಜಾತಿಬಲವೋ? ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿರುವ ಜಾತಿ, ಲಿಂಗ, ಅಧಿಕಾರಗಳು ಇಲ್ಲಿ ಒಂದೇ ಜಗಲಿಯ ಮೇಲೆ ಎದುರಾಗುತ್ತವೆ.

ಇದರಿಂದ ಊರಿಗೇನು ಲಾಭ ಎಂಬ ಆಕ್ಷೇಪ ನ್ಯಾಯವಾದದ್ದು. ಮಾಹಿತಿ ಪಡೆದು ಮಾಯವಾಗುವವರನ್ನು ಹಳ್ಳಿಗಳು ಸಾಕಷ್ಟು ಕಂಡಿವೆ. ಹಾಗಾಗಿ ಬರೆದದ್ದನ್ನು ಸರಳ ಕನ್ನಡದಲ್ಲಿ ಮುಂದಿನ ಸಭೆಯಲ್ಲಿ ಓದಿ ಹೇಳಬೇಕು, ಒಂದು ಪ್ರತಿಯನ್ನು ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಬೇಕು. ಹೇಳಿದವರ ಹೆಸರು ಮಾತ್ರ ಹೊರಬೀಳಬಾರದು. ಕೆಲಸ ಸಿಗುತ್ತದೆಯೇ ಎಂದು ಕೇಳುವವರಿಗೆ ಹೇಳಬಹುದಾದದ್ದು ಇಷ್ಟೇ: ದಾಖಲೆ ಓದುವುದು, ಸಂದರ್ಶನ ಮಾಡುವುದು, ವರದಿ ಬರೆಯುವುದು ಪತ್ರಿಕೆಗೂ ಸ್ವಯಂಸೇವಾ ಸಂಸ್ಥೆಗೂ ಸರ್ಕಾರಿ ಇಲಾಖೆಗೂ ಬೇಕಾದ ಕೌಶಲ. ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಸಮಯ ಮತ್ತು ದುಡ್ಡಿನದು. ಸಂಜೆ ಅಂಗಡಿಯಲ್ಲಿ ದುಡಿಯುವ ಹುಡುಗನಿಗೆ, ಕತ್ತಲಾಗುವ ಮೊದಲು ಕೊನೆಯ ಬಸ್ಸು ಹಿಡಿಯಬೇಕಾದ ಹುಡುಗಿಗೆ ದೂರದ ಊರಿನ ಓಡಾಟ ಆಗದ ಮಾತು. ಅವರು ತಮ್ಮೂರಿನ ಗ್ರಾಮಸಭೆಯನ್ನೇ ಆರಿಸಿಕೊಳ್ಳಲಿ. ಆ ದಿನದ ಹಾಜರಾತಿಯನ್ನು ವಿಭಾಗ ಕೊಡಲಿ, ಅಲ್ಲಿ ಕಳೆದ ಹೊತ್ತು 240 ಗಂಟೆಯ ಲೆಕ್ಕಕ್ಕೆ ಸೇರಲಿ, ಬಸ್ ಚಾರ್ಜನ್ನು ವಿಶ್ವವಿದ್ಯಾಲಯ ಭರಿಸಲಿ.