ಮೊದಲ ಸಲ ಮರದ ಪೀಪಿ ಕಡೆಯೋರಿಗೆ: ಯಾವ ಮರ, ಯಾವ ಅರಗು, ಯಾವ ಬಣ್ಣ?

ಚನ್ನಪಟ್ಟಣ: ಗೊಂಬೆ ಅಂಗಡಿಗೆ ಬಂದ ಮಗು ಬುಗುರಿ ಎತ್ತಿಕೊಂಡರೆ ನೆಲಕ್ಕೆ ಬಿಡುತ್ತೆ, ಗಾಡಿ ಎತ್ತಿಕೊಂಡರೆ ಎಳೆಯುತ್ತೆ. ಪೀಪಿ ಸಿಕ್ಕರೆ ಮಾತ್ರ ನೇರ ಬಾಯಿಗೆ. ಅಪ್ಪ ಅಮ್ಮ ದುಡ್ಡು ಕೊಡೋ ಮೊದಲೇ ಎರಡು ಸಲ ಊದಿ ಆಗಿರುತ್ತೆ. ಹಾಗಾಗಿ ಕಡಸಲು ಕೆಲಸ ಹೊಸದಾಗಿ ಕಲಿಯುವವರು ಪೀಪಿ ಮಾಡೋಕೆ ಕೂರುವ ಮುಂಚೆ ಮರ, ಅರಗು, ಬಣ್ಣ ಮೂರನ್ನೂ ನೋಡಿ ಆರಿಸಬೇಕು. ಲೇತ್ ಮೇಲೆ ಕೈ ಪಳಗೋಕೆ ತಿಂಗಳುಗಳು ಬೇಕು. ಸರಿಯಾದ ಸಾಮಾನು ಆರಿಸೋದು ಮೊದಲ ದಿನದಿಂದಲೇ ಸಾಧ್ಯ.

ಈಗ ಇದರ ಅಗತ್ಯ ಇನ್ನೂ ಹೆಚ್ಚಿದೆ. 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಬಂದ ಮೇಲೆ ವಾಹನಗಳು ಬೈಪಾಸ್ ಹಿಡಿದವು. ಹಳೆ ರಸ್ತೆ ಬದಿಯ ಗೊಂಬೆ ಅಂಗಡಿಗಳಿಗೆ ಸುಮ್ಮನೆ ಇಳಿದು ಬರುವ ಗಿರಾಕಿ ಕಡಿಮೆಯಾದ. ಇವತ್ತು ಬರೋರು ಚನ್ನಪಟ್ಟಣದ ಹೆಸರು ನಂಬಿ, ಬೇಕು ಅಂತಲೇ ದಾರಿ ಬಿಟ್ಟು ಬರುವವರು. ಮಗುವಿನ ಬಾಯಿಗೆ ಬಣ್ಣ ಅಂಟಿತು ಅಂದರೆ ಅವರು ಎರಡನೇ ಸಲ ಬರಲ್ಲ.

ಪೀಪಿ ಕೂಗೋದು ಹೇಗೆ?

ಮರ ಆರಿಸೋಕೆ ಮೊದಲು ಇದು ಗೊತ್ತಿರಬೇಕು. ಪೀಪಿಯ ಒಳಗೆ ಒಂದು ಕೊಳವೆ, ಬಾಯಿ ಕಡೆ ಒಂದು ಬಿರಡೆ. ಬಿರಡೆಯ ಮೇಲ್ಭಾಗ ಸ್ವಲ್ಪ ಚಪ್ಪಟೆ ಮಾಡಿದರೆ ಗಾಳಿ ಹೋಗಲು ಸಣ್ಣ ಸಂದು ಸಿಗುತ್ತೆ. ಊದಿದ ಗಾಳಿ ಆ ಸಂದಿನಿಂದ ಹೊರಟು, ಎದುರಿಗೆ ಕೊರೆದ ಕಿಂಡಿಯ ಚೂಪಾದ ಅಂಚಿಗೆ ಬಡಿಯುತ್ತೆ. ಅಲ್ಲೇ ಶಬ್ದ ಹುಟ್ಟೋದು.

ಕೊಳವೆ ಉದ್ದ ಆದಷ್ಟೂ ಸ್ವರ ದಪ್ಪ. ತುದಿ ಮುಚ್ಚಿದ 5 ಸೆಂ.ಮೀ. ಕೊಳವೆ ಲೆಕ್ಕದ ಪ್ರಕಾರ ಸೆಕೆಂಡಿಗೆ ಸುಮಾರು 1,700 ಕಂಪನದ ಚೂಪು ಸ್ವರ ಕೊಡುತ್ತೆ. ಉದ್ದ 10 ಸೆಂ.ಮೀ. ಆದರೆ ಅದರ ಅರ್ಧ. ಅಂದರೆ ಸ್ವರ ನಿರ್ಧಾರ ಆಗೋದು ಮುಖ್ಯವಾಗಿ ಕೊಳವೆಯ ಉದ್ದದಿಂದ. ಮರದ ಕೆಲಸ ಬೇರೆ: ಕಿಂಡಿಯ ಅಂಚನ್ನು ಚೂಪಾಗಿ ಉಳಿಸೋದು, ಬಿರಡೆಯನ್ನು ಬಿಗಿಯಾಗಿ ಹಿಡಿಯೋದು. ನಾರು ಏಳುವ ಮರದಲ್ಲಿ ಅಂಚು ಜುಂಗು ಜುಂಗಾಗಿ, ಪೀಪಿ ಕೂಗುವ ಬದಲು ಬುಸ್ ಅನ್ನುತ್ತೆ.

ಹಾಲೆ ಮರವೇ ಯಾಕೆ?

ಇಲ್ಲಿನವರ ಬಾಯಲ್ಲಿ ಅದು ಆಲೆ ಮರ. ಕೊಂಬೆ ಮುರಿದರೆ ಬಿಳಿ ಹಾಲು ಸುರಿಯುವ ಮರ. ಚನ್ನಪಟ್ಟಣದ ಗೊಂಬೆ ಕೆಲಸ ಬೆಳೆದಿದ್ದೇ ಇದರ ಮೇಲೆ. ಕಾರಣ ಇಷ್ಟು: ಎಳೆ ಬಹಳ ನಯ, ಬಣ್ಣ ದಂತದ ಹಾಗೆ ಬೆಳ್ಳಗೆ, ತೂಕ ಹಗುರ, ಉಳಿಗೆ ಮೆತ್ತಗೆ ಸಿಗುತ್ತೆ. ಮರ ಬಿಳಿ ಇರೋದರಿಂದ ಮೇಲೆ ಹಾಕಿದ ಅರಗಿನ ಬಣ್ಣ ಮಂಕಾಗದೆ ಎದ್ದು ಕಾಣುತ್ತೆ. ಕಲಿಯುವವರಿಗೆ ಮೊದಲ ಆಯ್ಕೆ ಇದೇ.

ಬೇರೆ ಮರಗಳೂ ಬಳಕೆಯಲ್ಲಿವೆ. ಅವುಗಳ ಗುಣ ತಿಳಿದಿದ್ದರೆ ನಷ್ಟ ತಪ್ಪುತ್ತೆ.

ಸಿಲ್ವರ್ ಓಕ್: ತೋಟ, ಬದುಗಳ ಮರ, ಸಿಗೋದು ಸುಲಭ. ಎಳೆ ಒರಟು. ಕೈ ಪಳಗಿಸೋಕೆ, ದೊಡ್ಡ ಸಾಮಾನಿಗೆ ಅಡ್ಡಿಯಿಲ್ಲ. ಪೀಪಿಯ ಅಂಚಿಗೆ ಅಷ್ಟು ಒಗ್ಗಲ್ಲ.

ರಬ್ಬರ್ ಮರ: ಕಡೆಯೋಕೆ ಚೆನ್ನ. ಆದರೆ ಹುಳು ಬೇಗ ಹಿಡಿಯೋದರಿಂದ ಸಾಮಾನ್ಯವಾಗಿ ರಾಸಾಯನಿಕ ಹಾಕಿ ಒಣಗಿಸಿರುತ್ತಾರೆ. ಏನು ಹಾಕಿದ್ದಾರೆ ಅಂತ ಗೊತ್ತಿಲ್ಲದ ತುಂಡನ್ನು ಬಾಯಿಗಿಡುವ ಸಾಮಾನಿಗೆ ಬಳಸಬಾರದು.

ತೇಗ: ಗಟ್ಟಿ, ಬಾಳಿಕೆ ಜಾಸ್ತಿ. ಆದರೆ ರಂಧ್ರ ದೊಡ್ಡವು, ಎಣ್ಣೆ ಅಂಶ ಇದೆ, ಉಳಿ ಬೇಗ ಮೊಂಡಾಗುತ್ತೆ. ಹೊಸಬರಿಗೆ ದುಬಾರಿ ಪಾಠ.

ಕಣಗಿಲೆ: ಹಿತ್ತಲಲ್ಲಿ ಸಿಗುತ್ತೆ ಅಂತ ಮುಟ್ಟಲೇಬೇಡಿ. ಗಿಡದ ಎಲ್ಲ ಭಾಗವೂ ವಿಷ. ಯಾವ ಮರ ಅಂತ ಗುರುತು ಸಿಗದ ತುಂಡಿಗೂ ಇದೇ ಮಾತು.

ಸ್ವಂತ ಹೊಲದ ಹಾಲೆ ಮರ ಕಡಿಯೋದಾದರೂ ಮೊದಲು ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿನ ಮರಗಳಿಗೂ ಅನ್ವಯಿಸುತ್ತೆ. ಪೀಪಿಗೆ ಬೇಕಾಗೋದು ಮಣಿಕಟ್ಟಿನ ದಪ್ಪದ ತುಂಡು ಅಷ್ಟೆ. ಅದಕ್ಕೆ ಇಡೀ ಮರ ಉರುಳಿಸುವ ಅಗತ್ಯ ಇಲ್ಲ.

ಹಸಿ ಮರ ತಂದು ಕೆಡಬೇಡಿ

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಇದು. ಹಸಿ ಮರ ಬೆಣ್ಣೆ ಹಾಗೆ ಕಡೆಯಲು ಬರುತ್ತೆ, ಖುಷಿ ಆಗುತ್ತೆ. ಆಮೇಲೆ ಒಣಗುವಾಗ ಮರ ಎಲ್ಲ ಕಡೆ ಒಂದೇ ಸಮ ಕುಗ್ಗಲ್ಲ. ದುಂಡಗಿದ್ದ ಕೊಳವೆ ಮೊಟ್ಟೆಯಾಕಾರ ಆಗುತ್ತೆ, ಬಿರಡೆ ಸಡಿಲ ಆಗುತ್ತೆ, ಅರಗೂ ಎದ್ದು ಬರಬಹುದು. ಸಡಿಲ ಬಿರಡೆ ಮಗುವಿನ ಗಂಟಲಿಗೆ ಅಪಾಯ.

ಒಣಗಿದೆಯಾ ಅಂತ ನೋಡೋಕೆ ಯಂತ್ರ ಬೇಕಿಲ್ಲ. ದಿನಸಿ ಅಂಗಡಿಯ ತಕ್ಕಡಿ ಸಾಕು. ತುಂಡಿನ ಮೇಲೆ ಸೀಸದಕಡ್ಡಿಯಲ್ಲಿ ದಿನಾಂಕ, ತೂಕ ಬರೆದಿಡಿ. ವಾರಕ್ಕೊಮ್ಮೆ ತೂಗಿ. ಸತತ ಮೂರು ವಾರ ತೂಕ ಇಳಿಯದಿದ್ದರೆ ಕೆಲಸಕ್ಕೆ ಬಂತು ಅಂತ ಲೆಕ್ಕ. ಒಣಗಿಸೋದು ನೆರಳಲ್ಲಿ, ಗಾಳಿ ಆಡೋ ಕಡೆ. ಬಿಸಿಲಿಗೆ ಹಾಕಿದರೆ ಸೀಳುತ್ತೆ. ತುಂಡಿನ ಎರಡು ತುದಿಗೂ ಮೇಣ ಸವರಿದರೆ ಸೀಳು ಕಡಿಮೆ. ತೊಗಟೆ ತೆಗೆಯದೆ ಮೂಲೆಯಲ್ಲಿ ಒಟ್ಟಿದರೆ ಬಿಳಿ ಮರಕ್ಕೆ ಬೂಷ್ಟು ಹಿಡಿದು ನೀಲಿ ಕಲೆ ಬೀಳುತ್ತೆ. ಮರದ ನಟ್ಟನಡುವಿನ ತಿರುಳು ಸೇರಿದ ತುಂಡನ್ನು ಬಿಟ್ಟುಬಿಡಿ, ಬಿರುಕು ಶುರುವಾಗೋದು ಅಲ್ಲಿಂದಲೇ.

ಬಿರಡೆಯನ್ನೂ ಅದೇ ಮರದಿಂದ, ಎಳೆ ಅದೇ ದಿಕ್ಕಿಗೆ ಬರುವ ಹಾಗೆ ಮಾಡಬೇಕು. ಉಸಿರಿನ ತೇವಕ್ಕೆ ಎರಡೂ ಒಟ್ಟಿಗೆ ಉಬ್ಬುತ್ತವೆ, ಒಟ್ಟಿಗೆ ಇಳಿಯುತ್ತವೆ.

ಅರಗು ಸರಿ, ಅದರೊಳಗಿನ ಬಣ್ಣ?

ಅರಗು ಅಂದರೆ ಮುತ್ತುಗ, ಬೋರೆಯಂಥ ಮರಗಳ ಮೇಲೆ ಕೂರುವ ಸಣ್ಣ ಹುಳು ಸುರಿಸುವ ಅಂಟು. ಶುದ್ಧ ಮಾಡಿದ ಅರಗನ್ನು ಮಾತ್ರೆ, ಮಿಠಾಯಿಗಳ ಹೊಳಪಿಗೂ ಹಾಕ್ತಾರೆ. ಕಾಯಿಸಿ, ಬಣ್ಣ ನಾದಿ ಕಡ್ಡಿ ಮಾಡಿಕೊಂಡು, ತಿರುಗುತ್ತಿರುವ ಮರಕ್ಕೆ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹಿಡಿಯುತ್ತೆ. ಮೇಲೆ ತಾಳೆ ಗರಿ, ಅಂದರೆ ಕೇದಿಗೆ ಗಿಡದ ಎಲೆ ಹಿಡಿದರೆ ಸಮವಾಗಿ ಹರಡಿ ಹೊಳಪು ಬರುತ್ತೆ.

ಹಾಗಾಗಿ ಸಾಮಾನ್ಯವಾಗಿ ಸಮಸ್ಯೆ ಅರಗಿನದಲ್ಲ, ಅದಕ್ಕೆ ಬೆರೆಸಿದ ಪುಡಿಯದು. ಕೆಲವು ಗಾಢ ಹಳದಿ, ಕೆಂಪು ಬಣ್ಣದ ಪುಡಿಗಳಲ್ಲಿ ಸೀಸ ಇರುತ್ತೆ. ಸೀಸ ಸ್ವಲ್ಪ ಸ್ವಲ್ಪವೇ ಹೊಟ್ಟೆಗೆ ಹೋದರೂ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು. ಕಡ್ಡಿ ಕೊಳ್ಳುವಾಗ ಯಾವ ಬಣ್ಣ ಬೆರೆಸಿದ್ದೀರಿ ಅಂತ ಕೇಳಲೇಬೇಕು. ಅರಿಶಿನದ ಹಳದಿ, ನೀಲಿ ಗಿಡದ ನೀಲಿ, ಕಾಚಿನ ಕಂದು, ಮಂಜಿಷ್ಠದ ಕೆಂಪು ಹಿಂದಿನಿಂದ ಗೊತ್ತಿರುವ ಗಿಡಮೂಲದ ಬಣ್ಣಗಳು. ಒಂದು ತೊಂದರೆ ಇದೆ: ಅರಿಶಿನ ಬಿಸಿಲಿಗೆ ಬೇಗ ಮಾಸುತ್ತೆ. ಅಂಥ ಸಾಮಾನನ್ನು ಅಂಗಡಿ ಮುಂದಿನ ಬಿಸಿಲಲ್ಲಿ ನೇತು ಹಾಕಬಾರದು.

ಬಾಯಿಗಿಡುವ ತುದಿಗೆ ಬಣ್ಣವಿಲ್ಲದ ಅರಗು ಸಾಕು, ಇಲ್ಲವೇ ನಯವಾಗಿ ಉಜ್ಜಿದ ಬರೀ ಮರ. ಗಾಳಿ ಹೋಗುವ ಸಂದಿಗೆ ಏನೂ ಹಚ್ಚಬೇಡಿ, ಕಟ್ಟಿಕೊಳ್ಳುತ್ತೆ. ಉಳಿದ ಎನಾಮೆಲ್ ಪೇಂಟು, ವಾರ್ನಿಷ್ ಬಳಸೋ ಯೋಚನೆ ಪೀಪಿ ಮಟ್ಟಿಗೆ ಬೇಡವೇ ಬೇಡ.

ಅಂಗಡಿಯವರು ಮಾಡಬಹುದಾದ ಪರೀಕ್ಷೆ

ಅರಗು ಸ್ಪಿರಿಟ್‌ಗೆ ಕರಗುತ್ತೆ. ಹೊಸ ಸರಕು ಬಂದಾಗ ಒಂದು ಸಾಮಾನಿನ ತಳವನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ನೋಡಿ. ಜಿಗುಟಾಗಿ ಬಣ್ಣ ಬಟ್ಟೆಗೆ ಬಂದರೆ ಅರಗು ಇರುವ ಸಾಧ್ಯತೆ ಹೆಚ್ಚು. ಏನೂ ಆಗದಿದ್ದರೆ ಪೇಂಟು ಇರಬಹುದು ಅಂತ ಅನುಮಾನಿಸಿ, ತಂದುಕೊಟ್ಟವರನ್ನು ಕೇಳಿ. ಬಣ್ಣದ ಪುಡಿ ಒಳ್ಳೆಯದೋ ಕೆಟ್ಟದೋ ಅನ್ನೋದು ಇದರಿಂದ ಗೊತ್ತಾಗಲ್ಲ. ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಇದೇ ಕಾರಣಕ್ಕೆ ಗಿರಾಕಿಗೂ ಒಂದು ಮಾತು ಹೇಳಿ ಕಳಿಸಬೇಕು: ಸ್ಯಾನಿಟೈಸರ್ ಹಾಕಿ ಒರೆಸಬೇಡಿ, ಬಿಸಿ ನೀರಲ್ಲಿ ಅದ್ದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಾಕು. ಇಷ್ಟು ಹೇಳಿದರೆ "ಬಣ್ಣ ಬಿಡ್ತು" ಅನ್ನೋ ಎಷ್ಟೋ ದೂರು ತಪ್ಪುತ್ತೆ.

ಮಾರೋ ಮೊದಲು ಕಾನೂನು

ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದ್ದು, ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಸಾಮಾನಿಗೆ, ಜಿಐ ಉತ್ಪನ್ನದ ಅಧಿಕೃತ ಬಳಕೆದಾರರಿಗೆ ವಿನಾಯಿತಿ ಇದೆ. ಚನ್ನಪಟ್ಟಣದ ಗೊಂಬೆಗೆ ಜಿಐ ಮಾನ್ಯತೆ ಸಿಕ್ಕಿದ್ದು 2005-06ರಲ್ಲಿ. ಆದರೆ ಊರಲ್ಲಿ ಇದ್ದ ಮಾತ್ರಕ್ಕೆ ವಿನಾಯಿತಿ ಬರಲ್ಲ, ನೋಂದಣಿ ಬೇಕು.

ವಿನಾಯಿತಿ ಇದ್ದರೂ ಅಳತೆ ಮರೆಯಬಾರದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಭಾಗವೂ 31.7 ಮಿ.ಮೀ. ಅಗಲದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಮುಳುಗುವಷ್ಟು ಚಿಕ್ಕದಿರಬಾರದು ಅನ್ನೋದು ಸುರಕ್ಷತಾ ಮಾನದಂಡ. ಅಷ್ಟು ಚಿಕ್ಕ ಮಕ್ಕಳಿಗೆ ಪೀಪಿ ಕೊಡದೇ ಇರೋದೇ ಒಳ್ಳೇದು. ದೊಡ್ಡ ಮಕ್ಕಳಿಗೆ ಮಾಡಿದ್ದರಲ್ಲೂ ಬಿರಡೆ ಎಳೆದರೆ ಬರಬಾರದು.

ಶುರು ಮಾಡುವವರು ಚೆನ್ನಾಗಿ ಒಣಗಿದ ಹಾಲೆಯ ನಾಲ್ಕಾರು ತುಂಡು, ಬಣ್ಣವಿಲ್ಲದ ಅರಗಿನ ಒಂದು ಕಡ್ಡಿ, ಬಣ್ಣದ ಒಂದು ಕಡ್ಡಿ ಇಟ್ಟುಕೊಂಡರೆ ಸಾಕು. ಮೊದಲ ನಾಲ್ಕು ಪೀಪಿ ಬುಸ್ ಅನ್ನಬಹುದು. ಐದನೆಯದು ಕೂಗಿದ ದಿನ ಮೊದಲು ಮನೆಯ ಮಗುವಿನ ಕೈಗೆ ಕೊಡಿ. ಆ ಮಗುವಿನ ಬಾಯಿಗೆ ಕೊಡೋಕೆ ಮನಸ್ಸು ಹಿಂಜರಿದರೆ, ಆ ಪೀಪಿ ಅಂಗಡಿಗೂ ಹೋಗಬಾರದು.