ಗಾಜಿನ ತೊಟ್ಟಿಗೆ ತಕ್ಕ ಪಾಚಿಮೀನು

ಗೃಹಸ್ಥರ ಮನೆಗಳಲ್ಲಿ ಗಾಜಿನ ಮೀನುತೊಟ್ಟಿಯನ್ನಿಡುವ ಪರಿಪಾಠವು ಹೆಚ್ಚುತ್ತಿರುವುದಷ್ಟೆ. ತೊಟ್ಟಿಯನ್ನಿಟ್ಟ ಕೆಲವು ವಾರಗಳಲ್ಲಿಯೇ ಗಾಜಿಗೆ ಪಾಚಿಯು ಹತ್ತುವುದು. ಅದನ್ನು ತಿನ್ನುವ ಮೀನೊಂದು ಬೇಕೆಂದು ಅಂಗಡಿಗೆ ಹೋದರೆ, ವ್ಯಾಪಾರಿಯು ಎರಡಂಗುಲದ ಕಪ್ಪು ಮರಿಯೊಂದನ್ನು ಚೀಲಕ್ಕೆ ಹಾಕಿ, ‘ಸಕ್ಕರ್’ ಎಂದು ಹೇಳಿ ಕೊಟ್ಟು ಕಳುಹಿಸುವನು. ನಾವೂ ಹಾಗೆಯೇ ಒಂದನ್ನು ತಂದೆವು. ಅದರಿಂದ ಪಟ್ಟ ಪಾಡೇ ಈ ಲೇಖನಕ್ಕೆ ಕಾರಣವು.

ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಬಂದ ಆ ಮರಿಯು ಎರಡು ವರ್ಷಗಳಲ್ಲಿ ಒಂದು ಗೇಣನ್ನೂ ಮೀರಿ ಬೆಳೆಯಿತು. ನಮ್ಮ ತೊಟ್ಟಿಯೋ ಎರಡಡಿಯದು. ಮೀನು ಒಮ್ಮೆ ತಿರುಗಿದರೆ ಗಿಡಗಳು ಬೇರುಸಹಿತ ಕಿತ್ತುಬರುತ್ತಿದ್ದುವು. ನೆರೆಯ ಮಹನೀಯರೊಬ್ಬರು, “ಮೇಷ್ಟ್ರೆ, ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತದೆ” ಎಂದರು. ನಮಗೂ ಅದೇ ಸರಿಯೆಂದು ತೋರಿ, ಬಕೀಟಿನಲ್ಲಿ ಹಾಕಿಕೊಂಡು ಕೆರೆಯ ಏರಿಯವರೆಗೆ ಹೋದೆವು. ಜೊತೆಗೆ ಬಂದಿದ್ದ ಮೊಮ್ಮಗಳು, “ತಾತ, ಅಲ್ಲಿರೋ ಮೀನುಗಳಿಗೆ ಇದು ಏನಾದರೂ ಮಾಡಿದರೆ?” ಎಂದಳು. ಉತ್ತರವು ತೋಚದೆ ಹಿಂದಿರುಗಿದೆವು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಇದು ಸ್ವಲ್ಪ ನಾಚಿಕೆಯ ಸಂಗತಿಯೇ.

ವಿಚಾರಿಸಲಾಗಿ, ಆ ಮೀನು ದಕ್ಷಿಣ ಅಮೆರಿಕದ ನದಿಗಳದೆಂದೂ, ಶಾಸ್ತ್ರಜ್ಞರು ಟೆರಿಗೊಪ್ಲಿಕ್ತಿಸ್ ಎಂದು ಕರೆಯುವ ಕುಲಕ್ಕೆ ಸೇರಿದುದೆಂದೂ, ಒಂದೂವರೆ ಅಡಿಯವರೆಗೂ ಬೆಳೆಯುವುದೆಂದೂ ತಿಳಿಯಿತು. ಮೈಗೆ ಎಲುಬಿನ ಫಲಕಗಳ ಕವಚವುಂಟು. ನೀರಿನಲ್ಲಿ ಪ್ರಾಣವಾಯು ಕಡಮೆಯಾದರೆ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಜಠರದಿಂದಲೇ ಉಸಿರಾಡಬಲ್ಲುದಾದುದರಿಂದ ಕೊಳಚೆಯಲ್ಲಿಯೂ ಬದುಕುವುದು. ದಡದಲ್ಲಿ ಬಿಲ ತೋಡಿ ಮೊಟ್ಟೆಯಿಡುವುದರಿಂದ ಮಣ್ಣು ಕುಸಿಯುವುದು. ಮುಳ್ಳುಗಳಿಂದ ಬೆಸ್ತರ ಬಲೆ ಹರಿಯುವುದು. ತಿರುವನಂತಪುರದ ಕಾಲುವೆಯಲ್ಲಿಯೂ ಕೋಲ್ಕತ್ತೆಯ ಪೂರ್ವದ ಜೌಗುನೆಲದಲ್ಲಿಯೂ ಇದು ನೆಲೆಯೂರಿರುವುದು. ನಾವು ಗಳಿಸಲಿದ್ದ ಪುಣ್ಯವು ಇಂತಹದು! ದೊಡ್ಡ ತೊಟ್ಟಿಯುಳ್ಳ ಪರಿಚಿತರೊಬ್ಬರು ಕೊನೆಗೆ ಅದನ್ನು ಕೊಂಡೊಯ್ದರು.

ಹಾಗಾದರೆ ಚಿಕ್ಕ ತೊಟ್ಟಿಗೆ ಯಾವುದು ಯೋಗ್ಯ? ಅದೇ ವಂಶದಲ್ಲಿ ಎರಡು ಸಣ್ಣ ಜಾತಿಗಳಿವೆ. ಮೊದಲನೆಯದಕ್ಕೆ ಅಂಗಡಿಯವರು ಬ್ರಿಸಲ್‌ನೋಸ್ ಎನ್ನುವರು. ಬೆಳೆದ ಗಂಡಿನ ಮೂತಿಯ ಮೇಲೆ ಕವಲೊಡೆದ ಮೆತ್ತನೆಯ ಕುಚ್ಚುಗಳಿರುವುವು. 1854ರಲ್ಲಿ ಇದರ ಕುಲಕ್ಕೆ ಆನ್ಸಿಸ್ಟ್ರಸ್ ಎಂಬ ಹೆಸರಾಯಿತು. ಕೊಕ್ಕೆಯೆಂಬ ಅರ್ಥದ ಆ ಗ್ರೀಕ್ ಶಬ್ದವೂ ನಮ್ಮ ಅಂಕುಶವೂ ಒಂದೇ ಮೂಲದವು ಎಂಬುದು ಸಂಸ್ಕೃತಾಭ್ಯಾಸಿಗಳಿಗೆ ಸಂತೋಷವನ್ನುಂಟುಮಾಡುವುದು. ಮೊಟ್ಟೆಗಳನ್ನು ಗುಹೆಯೊಳಗೆ ಕಾಯುತ್ತ ರೆಕ್ಕೆಗಳಿಂದ ನೀರು ಬೀಸುವುದು ತಂದೆಯ ಕೆಲಸ. ಉದ್ದವು ಸುಮಾರು ಐದಂಗುಲ. ಎಂಬತ್ತು ಲೀಟರಿನ ತೊಟ್ಟಿಯೂ ಒಂದು ಮರದ ತುಂಡೂ ಇದಕ್ಕೆ ಬೇಕು. ಮರಿಯಾಗಿರುವಾಗ ದೊಡ್ಡ ಜಾತಿಯೆಂದು ಭ್ರಮೆಯಾಗುವುದು ಸಹಜವು. ಬೆನ್ನಿನ ರೆಕ್ಕೆಯ ಕಡ್ಡಿಗಳನ್ನೆಣಿಸಬೇಕು: ಹತ್ತು ಅಥವಾ ಹೆಚ್ಚಿದ್ದರೆ ದೊಡ್ಡದು, ಏಳೆಂಟಿದ್ದರೆ ಕುಚ್ಚುಮೂತಿಯದು. ವ್ಯಾಪಾರಿಯು ಬೇಸರಪಟ್ಟರೂ ಎಣಿಸಿಯೇ ಕೊಳ್ಳತಕ್ಕುದು.

ಎರಡನೆಯದು ಓಟೊಸಿಂಕ್ಲಸ್, ಒಂದೂವರೆ ಅಂಗುಲದ ಸೌಮ್ಯ ಪ್ರಾಣಿ. ನಮ್ಮ ಅರುವತ್ತು ಲೀಟರಿನ ತೊಟ್ಟಿಗೆ ಇದನ್ನೇ ಆರಿಸಿದೆವು. ಇದು ಗುಂಪಿನ ಮೀನಾದುದರಿಂದ ಐದಾರನ್ನು ಒಟ್ಟಿಗೆ ತರಬೇಕು. ಬಹುಪಾಲು ನದಿಗಳಲ್ಲಿಯೇ ಹಿಡಿದವಾದುದರಿಂದ ದಾರಿಯಲ್ಲಿ ಉಪವಾಸವಿದ್ದು ಸೊರಗಿರುವುವು. ಗಾಜಿಗೆ ಅಂಟಿಕೊಂಡಾಗ ಹೊಟ್ಟೆಯು ಕಾಣುವುದಷ್ಟೆ, ಅದು ದುಂಡಗಿರಬೇಕು. ಒಳಕ್ಕೆ ಸೇರಿದ್ದರೆ ಎಷ್ಟು ಅಗ್ಗವಾದರೂ ಬೇಡ. ಅಂಗಡಿಗೆ ಬಂದು ಎರಡು ವಾರ ಕಳೆದವುಗಳನ್ನು ಕೇಳಿ ಕೊಳ್ಳುವುದು ಉತ್ತಮ. ಹೊಸ ತೊಟ್ಟಿಗೆ ಬಿಡಲೇಬಾರದು. ಎರಡು ಮೂರು ತಿಂಗಳು ಹಳೆಯದಾಗಿ, ಕಲ್ಲುಗಳ ಮೇಲೆ ಪಾಚಿಯ ಪೊರೆ ಕಟ್ಟಿದ ಮೇಲೆಯೇ ಬಿಡತಕ್ಕುದು.

ಇವು ಇತರ ಮೀನುಗಳ ಮಲವನ್ನು ತಿಂದು ತೊಟ್ಟಿಯನ್ನು ಶುಚಿಮಾಡುವುವೆಂಬ ನಂಬಿಕೆಯು ಕೇವಲ ತಪ್ಪು. ನೀರನ್ನು ನಾವೇ ಬದಲಿಸಬೇಕು. ಪಾಚಿ ತೀರಿದರೆ ಸೌತೆಕಾಯಿಯ ಬಿಲ್ಲೆಯನ್ನಾಗಲಿ ಬೇಯಿಸಿದ ಪಾಲಕ್ ಸೊಪ್ಪನ್ನಾಗಲಿ ರಾತ್ರಿ ಹಾಕಿ, ಉಳಿದುದನ್ನು ಬೆಳಗ್ಗೆ ತೆಗೆಯಬೇಕು. ಹೀಗೆ ನಮ್ಮ ಮನೆಯ ಅಡಿಗೆಗೆ ಒಪ್ಪುವ ಮೀನೇ ದೊರೆಯಿತೆಂದು ಮನೆಯವರು ನಗುವರು. ತಂದ ಆರರಲ್ಲಿ ಒಂದು ಮೊದಲ ವಾರದಲ್ಲಿಯೇ ಸತ್ತಿತು. ಅದರ ಹೊಟ್ಟೆಯು ಸ್ವಲ್ಪ ಒಳಸೇರಿದ್ದುದನ್ನು ಕಂಡೂ ನಾವು ತಂದಿದ್ದೆವು. ಉಳಿದ ಐದನ್ನು ಮೊಮ್ಮಗಳು ಮಲಗುವ ಮುಂಚೆ ದಿನವೂ ಎಣಿಸುವಳು.